ದಡ್ಡನೆಂಬ ತೀರ್ಪು

ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾದವನಿಗೆ ತನ್ನ ಶಿಷ್ಯರ ಕೀರ್ತಿಯನ್ನು ಹೇಳಿಕೊಳ್ಳುವ ಚಪಲವು ಹೆಚ್ಚುವುದು. ನಾನೂ ಅದಕ್ಕೆ ಹೊರತಾದವನಲ್ಲ. ಆದರೆ ಇಂದು ವಾಚಕರ ಮುಂದೆ ಇಡಬೇಕೆಂದಿರುವುದು ಕೀರ್ತಿಯ ಕಥೆಯಲ್ಲ. ನನ್ನಿಂದಲೇ ನಡೆದುಹೋದ ಒಂದು ಅನ್ಯಾಯದ ವೃತ್ತಾಂತ.

ನಾನು ಓದಿದುದು ಸಂಸ್ಕೃತ ಪಾಠಶಾಲೆಯಲ್ಲಿ. ಅಲ್ಲಿ ಗುರುಗಳು ಸಂಥೆ ಹೇಳುವರು, ನಾವು ಮರಳಿ ಹೇಳುವೆವು. ಅಮರಕೋಶವು ಪುಸ್ತಕರೂಪದಲ್ಲಿ ನಮ್ಮ ಕೈಸೇರುವುದಕ್ಕೆ ಮೊದಲೇ ಕಿವಿಯ ದಾರಿಯಿಂದ ಒಳಹೊಕ್ಕಿತ್ತು. ಹೀಗೆ ಕಲಿತ ನಾನು ಪ್ರೌಢಶಾಲೆಯಲ್ಲಿ ಸಂಸ್ಕೃತ ಪಂಡಿತನಾದ ಮೇಲೆ, ಬರವಣಿಗೆಯೊಂದನ್ನೇ ವಿದ್ಯೆಯ ಅಳತೆಗೋಲನ್ನಾಗಿ ಮಾಡಿಕೊಂಡುದು ಹೇಗೆಂಬುದು ಈಗ ನನಗೇ ಸೋಜಿಗವಾಗಿದೆ.

1994ನೆಯ ಇಸವಿಯಲ್ಲಿ ಎಂಟನೆಯ ತರಗತಿಗೆ ಒಬ್ಬ ಬಾಲಕನು ಬಂದು ಸೇರಿದನು. ಶ್ಲೋಕವನ್ನು ಎರಡು ಸಲ ಕೇಳಿದರೆ ಸಾಕು, ಯತಿ ತಪ್ಪದಂತೆ ಒಪ್ಪಿಸುತ್ತಿದ್ದನು. ಯಾವ ವಿಭಕ್ತಿಯನ್ನು ಕೇಳಿದರೂ ತಡವರಿಸದೆ ಹೇಳುತ್ತಿದ್ದನು. ಆದರೆ ಅದನ್ನೇ ಬರೆಯೆಂದರೆ, ನಾಗರಿಯಲ್ಲಾಗಲಿ ಕನ್ನಡದಲ್ಲಾಗಲಿ, ಒತ್ತಕ್ಷರಗಳು ಸ್ಥಾನ ತಪ್ಪುತ್ತಿದ್ದವು; ದೀರ್ಘವು ಹ್ರಸ್ವವಾಗುತ್ತಿತ್ತು; ಒಂದೇ ಪದವು ಒಂದೇ ಪುಟದಲ್ಲಿ ಮೂರು ರೂಪಗಳನ್ನು ತಾಳುತ್ತಿತ್ತು. ಇದನ್ನು ನಾನು ಮೊದಲು ಸೋಮಾರಿತನವೆಂದು ಎಣಿಸಿದೆನು, ಆಮೇಲೆ ಉದ್ಧಟತನವೆಂದು. ತಪ್ಪಿದ ಪ್ರತಿಯೊಂದು ಪದವನ್ನೂ ಐವತ್ತು ಸಲ ಬರೆಯಿಸಿದೆನು. ಒಂದು ದಿನ ಅವನ ಬರಹವನ್ನು ಇದ್ದುದು ಇದ್ದಂತೆಯೇ ತರಗತಿಗೆಲ್ಲ ಕೇಳುವಂತೆ ಓದಿದೆನು. ಹುಡುಗರು ನಕ್ಕರು. ಅವನೂ ತಲೆ ತಗ್ಗಿಸಿಕೊಂಡು ನಕ್ಕನು. ಅದನ್ನು ನಾನು ನಾಚಿಕೆಗೇಡಿತನವೆಂದು ತಿಳಿದೆನು.

ಅವನ ತಾಯಿ ಒಮ್ಮೆ ಶಾಲೆಗೆ ಬಂದಿದ್ದರು. “ಮೇಷ್ಟ್ರೇ, ಬಾಯಲ್ಲಿ ಎಲ್ಲಾ ಹೇಳ್ತಾನೆ. ರಾತ್ರಿ ಕೂತು ಬರೀತಾನೆ, ಬೆಳಿಗ್ಗೆ ನೋಡಿದ್ರೆ ಮತ್ತೆ ಅದೇ ತಪ್ಪು. ಬೇಕಂತ ಮಾಡೋ ಹುಡುಗ ಅಲ್ಲ. ತಾವೇ ಏನಾದ್ರೂ ದಾರಿ ನೋಡ್ಬೇಕು” ಎಂದರು. ಭವಭೂತಿಯ ಉತ್ತರರಾಮಚರಿತದಲ್ಲಿ, ಗುರುವು ಜಾಣನಿಗೂ ಜಡನಿಗೂ ವಿದ್ಯೆಯನ್ನು ಸಮನಾಗಿಯೇ ಕೊಡುವನು, ಬಿಂಬವನ್ನು ಹಿಡಿಯುವುದು ಮಾತ್ರ ನಿರ್ಮಲವಾದ ಮಣಿಯೇ ಹೊರತು ಮಣ್ಣಿನ ಹೆಂಟೆಯಲ್ಲ ಎಂಬ ಅರ್ಥದ ಶ್ಲೋಕವುಂಟು. ಅದರ ತಾತ್ಪರ್ಯವನ್ನೇ ಆ ತಾಯಿಗೆ ಹೇಳಿ ಕಳುಹಿಸಿದೆನು. ಮರುವರ್ಷ ಬಾಲಕನು ಶಾಲೆಯನ್ನು ಬಿಟ್ಟನು.

2017ರಲ್ಲಿ ನನ್ನ ಮಗಳ ಮಗನು ಎರಡನೆಯ ತರಗತಿಯಲ್ಲಿದ್ದನು. ಕೇಳಿದ ಕಥೆಯನ್ನು ಒಂದು ಮಾತೂ ಬಿಡದೆ ಹೇಳುವ ಕೂಸು, ಪುಸ್ತಕವನ್ನು ತೆರೆದರೆ ಹೊಟ್ಟೆನೋವೆಂದು ಅಳುತ್ತಿತ್ತು. ಪರೀಕ್ಷಿಸಿದ ಮನೋವಿಜ್ಞಾನಿಗಳು ಇದು ಡಿಸ್ಲೆಕ್ಸಿಯಾ ಎಂದರು. ಮಾತಿನೊಳಗಿನ ಧ್ವನಿಗಳನ್ನು ಬಿಡಿಬಿಡಿಯಾಗಿ ಗುರುತಿಸಿ ಅಕ್ಷರದ ಆಕಾರಕ್ಕೆ ಜೋಡಿಸುವುದರಲ್ಲಿ ಮೆದುಳಿಗೆ ಆಗುವ ತೊಡಕು ಇದು. ಕಣ್ಣಿನ ದೋಷವಲ್ಲ, ಬುದ್ಧಿಯ ಕೊರತೆಯಲ್ಲ, ಆಲಸ್ಯವಂತೂ ಅಲ್ಲವೇ ಅಲ್ಲ ಎಂದು ವಿವರಿಸಿದರು. ಅವರು ಮೊಮ್ಮಗನ ಬರಹವನ್ನು ಮೇಜಿನ ಮೇಲೆ ಹರಡಿದಾಗ ನನಗೆ ಕಂಡುದು ಇಪ್ಪತ್ತಮೂರು ವರ್ಷಗಳ ಹಿಂದಿನ ಆ ಪುಸ್ತಕವೇ.

ಆಮೇಲೆ ಈ ವಿಷಯವನ್ನು ಓದತೊಡಗಿದೆನು. 1896ರಲ್ಲಿಯೇ ಪ್ರಿಂಗಲ್ ಮಾರ್ಗನ್ ಎಂಬ ಇಂಗ್ಲೆಂಡಿನ ವೈದ್ಯರು ಇಂತಹ ಹದಿನಾಲ್ಕು ವರ್ಷದ ಬಾಲಕನೊಬ್ಬನ ವಿಚಾರವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಪಾಠವೆಲ್ಲ ಬಾಯಿಮಾತಿನಲ್ಲಿಯೇ ನಡೆಯುವಂತಿದ್ದರೆ ಶಾಲೆಗೆಲ್ಲ ಇವನೇ ಚುರುಕಾದ ಹುಡುಗನಾಗುತ್ತಿದ್ದನೆಂಬುದು ಅವನ ಉಪಾಧ್ಯಾಯರ ಅಭಿಪ್ರಾಯವಾಗಿದ್ದಿತೆಂದು ಅದರಲ್ಲಿ ಬರೆದಿದೆ. ಇದನ್ನು ಓದಿ ಪುಸ್ತಕವನ್ನು ಮುಚ್ಚಿಟ್ಟೆನು. ದೂರದೇಶದ ಮೇಷ್ಟ್ರೊಬ್ಬರಿಗೆ ತಿಳಿದುದು, ಸಂಥೆಯಿಂದಲೇ ಬೆಳೆದ ನನಗೆ ತಿಳಿಯದೆ ಹೋಯಿತು!

ಮೊಮ್ಮಗನಿಗೆ ಕಲಿಸಿದ ಕ್ರಮವೂ ನನಗೆ ಹೊಸದಾಗಿರಲಿಲ್ಲ. ಒಂದು ಧ್ವನಿಯನ್ನು ಬಾಯಲ್ಲಿ ಹೇಳಿಸಿ, ಅದರ ಅಕ್ಷರವನ್ನು ಕಣ್ಣಿಗೆ ತೋರಿಸಿ, ಅದೇ ಕ್ಷಣದಲ್ಲಿ ಬೆರಳಿನಿಂದ ಮರಳಿನ ಮೇಲೆ ತಿದ್ದಿಸುವರು. ಅದು ಗಟ್ಟಿಯಾದ ಮೇಲೆಯೇ ಮುಂದಿನದು. ನಮ್ಮ ಹಿರಿಯರು ಕೂಲಿಮಠದಲ್ಲಿ ಅಕ್ಷರ ಕಲಿತುದೂ ಮರಳಿನ ಮೇಲೆಯೇ ಅಲ್ಲವೇ? ಗುಣಿತವೂ ಒತ್ತಕ್ಷರವೂ ವಿಪುಲವಾಗಿರುವ ನಮ್ಮ ಲಿಪಿಗೆ ಈ ತಾಳ್ಮೆಯು ಅತ್ಯವಶ್ಯಕ. ಇದರಿಂದ ತೊಡಕು ನಿರ್ಮೂಲವಾಗದು. ಆದರೆ ಮಗುವು ಓದಬಲ್ಲದಾಗುವುದು, ಅದಕ್ಕಿಂತ ಹೆಚ್ಚಾಗಿ ಪುಸ್ತಕದ ಭಯವು ಕಳೆಯುವುದು.

ಇಂದು ಕಾನೂನಿನ ಬೆಂಬಲವೂ ಇದೆ. ವಿಕಲಚೇತನರ ಹಕ್ಕುಗಳ 2016ರ ಅಧಿನಿಯಮದ 21 ನ್ಯೂನತೆಗಳ ಪಟ್ಟಿಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಆಟಿಸಮ್ಮೂ ಸೇರಿವೆ. ಪ್ರಮಾಣಪತ್ರವುಳ್ಳ ವಿದ್ಯಾರ್ಥಿಗೆ ಪರೀಕ್ಷೆಯಲ್ಲಿ ಬರೆಯುವ ಸಹಾಯಕನನ್ನೂ ಹೆಚ್ಚಿನ ಕಾಲಾವಕಾಶವನ್ನೂ ಕೇಳುವುದಕ್ಕೆ ದಾರಿಯುಂಟು. 2009ರ ಶಿಕ್ಷಣ ಹಕ್ಕು ಕಾಯಿದೆಯು ದೈಹಿಕ ಶಿಕ್ಷೆಯನ್ನಲ್ಲದೆ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ನಾನು ಆ ದಿನ ತರಗತಿಯಲ್ಲಿ ಮಾಡಿದುದಕ್ಕೆ ಸರಿಯಾದ ಹೆಸರು ಅದೇ.

ಆದರೆ ಕಾನೂನು ತರಗತಿಯ ಬಾಗಿಲವರೆಗೆ ಬರಬಹುದು. ಒಳಗಿನ ಕೆಲಸ ಉಪಾಧ್ಯಾಯನದು. ತರುಣ ಉಪಾಧ್ಯಾಯ ಮಿತ್ರರಲ್ಲಿ ನನ್ನ ಬಿನ್ನಹ ಇಷ್ಟೇ: ಕೆಂಪು ಶಾಯಿಯನ್ನು ಹಚ್ಚುವ ಮೊದಲು ಒಮ್ಮೆ ಮಗುವನ್ನು ಬಳಿಗೆ ಕರೆದು, “ಬಾಯಲ್ಲಿ ಹೇಳು ನೋಡೋಣ” ಎಂದು ಕೇಳಿರಿ. ಸಿದ್ಧತೆಯಿಲ್ಲದ ಮಗುವನ್ನು ಎಲ್ಲರ ಮುಂದೆ ನಿಲ್ಲಿಸಿ ಓದಿಸಬೇಡಿರಿ. ಅಕ್ಷರದ ತಪ್ಪಿಗೂ ಅರ್ಥದ ತಪ್ಪಿಗೂ ಬೇರೆಬೇರೆಯಾಗಿ ಅಂಕಗಳನ್ನು ಎಣಿಸಿರಿ. ತಂದೆತಾಯಿಗಳು ಬಂದು ಹೇಳಿದುದನ್ನು ನಂಬಿರಿ. ರಾತ್ರಿ ಕೂತು ಬರೆಯುವ ಮಗುವನ್ನು ಕಂಡವರು ಅವರೇ.

ಭವಭೂತಿಯ ಶ್ಲೋಕವು ಈಗಲೂ ನನಗೆ ಕಂಠಸ್ಥವಾಗಿದೆ. ಮಣ್ಣು ಬಿಂಬವನ್ನು ಹಿಡಿಯದೆಂಬುದು ನಿಜ. ಆದರೆ ಬೀಜವು ಮೊಳೆಯುವುದು ಮಣಿಯಲ್ಲಲ್ಲ, ಮಣ್ಣಿನಲ್ಲಿ. ಈ ಮಾತನ್ನು ಆ ತಾಯಿಗೆ ಅಂದೇ ಹೇಳಬೇಕಾಗಿದ್ದಿತು. ಆ ಬಾಲಕನಿಗೆ ಈಗ ನಲವತ್ತು ಮೀರಿರಬೇಕು. ಅವನೆಲ್ಲಿರುವನೋ ತಿಳಿಯದು. ಈ ಪತ್ರಿಕೆಯನ್ನು ಅವನು ಓದಲಾರನೇನೋ. ಯಾರಾದರೂ ಅವನಿಗೆ ಓದಿ ಹೇಳಿದರೆ, ತಪ್ಪಿದುದು ಅವನಲ್ಲ, ಅವನ ಮೇಷ್ಟ್ರು ಎಂಬುದು ಒಂದು ಸಲ ಕೇಳಿದರೇ ಅವನಿಗೆ ನೆನಪುಳಿಯುವುದು.