ಪೆನ್ರಿತ್‌ನ ದಿಬ್ಬದ ಮೇಲೆ ಒಂದು ಲೆಕ್ಕಪತ್ರ

ಸಿಡ್ನಿಯಲ್ಲಿ ವಾರಾಂತ್ಯದ ಸಂಜೆ ಪಶ್ಚಿಮದ ಕಡೆಗೆ ಹೋಗುವ ರೈಲು ಹತ್ತಿದರೆ ನಕಾಶೆ ಬೇಕಿಲ್ಲ. ಜನ ತೊಟ್ಟ ಅಂಗಿಯ ಬಣ್ಣ ನೋಡಿಯೇ ಯಾವ ಸೀಮೆ ಬಂತು ಎಂದು ಹೇಳಬಹುದು. ಪರಮಟ್ಟಾ ಸುತ್ತಮುತ್ತ ನೀಲಿ-ಹಳದಿ. ಬ್ಲ್ಯಾಕ್‌ಟೌನ್, ಮೌಂಟ್ ಡ್ರೂಯಿಟ್, ಸೇಂಟ್ ಮೇರೀಸ್ ಬರುತ್ತಾ ಬರುತ್ತಾ ಎಲ್ಲ ಕಪ್ಪು, ನಡುನಡುವೆ ಕಣ್ಣಿಗೆ ಹೊಡೆಯುವ ಗುಲಾಬಿ. ಅದು 2024ರ ಚಳಿಗಾಲ, ಅಂದರೆ ನಮ್ಮಲ್ಲಿ ಆಷಾಢ. ನಾನು ವೆಸ್ಟ್‌ಮೀಡ್ ಹತ್ತಿರ ಅಕ್ಕನ ಮಗಳ ಮನೆಯಲ್ಲಿ ಇಳಿದುಕೊಂಡಿದ್ದೆ. ಅವಳ ಗಂಡ ಮತ್ತು ಏಳನೇ ಕ್ಲಾಸಿನ ಮಗ ನನ್ನನ್ನು ರಗ್ಬಿ ಲೀಗ್ ಪಂದ್ಯಕ್ಕೆ ಹೊರಡಿಸಿದ್ದರು.

ಹುಡುಗ ಪರಮಟ್ಟಾ ತಂಡದ ಭಕ್ತ. ಆ ತಂಡ ಕೊನೆಯ ಸಲ ಕಪ್ ಗೆದ್ದಿದ್ದು 1986ರಲ್ಲಿ, ಅವನ ಅಪ್ಪನೇ ಇನ್ನೂ ಮಗುವಾಗಿದ್ದಾಗ. ನಾನೋ ಆ ಹೊತ್ತಿಗೆ ಐಪಿಎಲ್ ಕಪ್ಪನ್ನೇ ಕಾಣದ ಆರ್‌ಸಿಬಿಯವನು. ಅವನ ಸಂಕಟವನ್ನು ಯಾರೂ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ರೈಲಿನಲ್ಲಿ ಮೊದಲ ಬೆರಗು ಕಾದಿತ್ತು. ಸುತ್ತ ಕೂತವರು ಆ ರಾತ್ರಿಯ ಪಂದ್ಯದ ಬಗ್ಗೆ ಮಾತಾಡುತ್ತಲೇ ಇರಲಿಲ್ಲ. ಯಾರ ಕಾಂಟ್ರ್ಯಾಕ್ಟ್ ಯಾವ ವರ್ಷಕ್ಕೆ ಮುಗಿಯುತ್ತದೆ, ಕ್ಯಾಪ್‌ನಲ್ಲಿ ಎಷ್ಟು ಜಾಗ ಉಳಿದಿದೆ, ಇವನಿಗೆ ಇಷ್ಟು ಕೊಟ್ಟರೆ ಅವನನ್ನು ಬಿಡಬೇಕಾಗುತ್ತದಲ್ಲ, ಬರೀ ಇದೇ. ಎದುರಿನ ಸೀಟಿನಲ್ಲಿ ಕೈಕಾಲಿಗೆಲ್ಲ ಬಣ್ಣ ಅಂಟಿಸಿಕೊಂಡಿದ್ದ ಪೇಂಟರ್ ಒಬ್ಬ ಮುಂದಿನ ಮೂರು ವರ್ಷದ ಹಂಚಿಕೆಯನ್ನು ಬೆರಳು ಮಡಚಿ ಮಡಚಿ ಹೇಳುತ್ತಿದ್ದ. ಬಜೆಟ್ ದಿನ ಟೀವಿ ಮುಂದೆ ಕೂತ ನಮ್ಮ ನಿವೃತ್ತ ಬ್ಯಾಂಕ್ ಮ್ಯಾನೇಜರುಗಳಲ್ಲೂ ಅಷ್ಟು ಶ್ರದ್ಧೆ ನಾನು ಕಂಡಿಲ್ಲ.

"ತಾತ, ಇಲ್ಲಿ ದುಡ್ಡಿದ್ರೂ ಖರ್ಚು ಮಾಡೋ ಹಾಗಿಲ್ಲ," ಎಂದು ಹುಡುಗ ಪಾಠ ಶುರು ಮಾಡಿದ. ಆಸ್ಟ್ರೇಲಿಯಾದ ರಗ್ಬಿ ಲೀಗ್ ಸ್ಪರ್ಧೆಯಾದ ಎನ್‌ಆರ್‌ಎಲ್‌ನಲ್ಲಿ ಪ್ರತಿ ಕ್ಲಬ್ ತನ್ನ ಮೊದಲ ಮೂವತ್ತು ಆಟಗಾರರಿಗೆ ಒಟ್ಟು ಕೊಡಬಹುದಾದ ಸಂಬಳಕ್ಕೆ ಮಿತಿಯಿದೆ, ಅದೇ ಕ್ಯಾಪ್. ಈಚಿನ ವರ್ಷಗಳಲ್ಲಿ ಅದು 1.2 ಕೋಟಿ ಡಾಲರ್ ಆಸುಪಾಸು, ನಮ್ಮ ಲೆಕ್ಕದಲ್ಲಿ 65 ಕೋಟಿ ರೂಪಾಯಿಯಷ್ಟು. ಶ್ರೀಮಂತ ಕ್ಲಬ್‌ಗಳು ಒಳ್ಳೆಯವರನ್ನೆಲ್ಲ ಬಾಚಿಕೊಳ್ಳದಿರಲಿ ಎಂದು 1990ರಲ್ಲಿ ತಂದ ಕಟ್ಟಳೆ ಇದು. ಕಾಂಟ್ರ್ಯಾಕ್ಟಿನ ಕೊನೆಯ ವರ್ಷಕ್ಕೆ ಮುಂಚಿನ ನವೆಂಬರ್ 1 ಬಂತೆಂದರೆ ಆಟಗಾರ ಬೇರೆ ಕ್ಲಬ್ಬಿನ ಜೊತೆ ರಾಜಾರೋಷವಾಗಿ ಮಾತಾಡಬಹುದು, ಸಹಿಯನ್ನೂ ಹಾಕಬಹುದು. ಸಹಿ ಹಾಕಿದ ಮೇಲೂ ಒಂದಿಡೀ ವರ್ಷ ಹಳೆಯ ತಂಡದಲ್ಲೇ ಆಡಬೇಕು. ಇದನ್ನು ನಾನು ಎರಡು ಸಲ ಕೇಳಿ ಖಚಿತ ಮಾಡಿಕೊಂಡೆ.

ಸಿಡ್ನಿಯ ಸೆಂಟ್ರಲ್ ನಿಲ್ದಾಣದಿಂದ ಸುಮಾರು ಒಂದು ಗಂಟೆಯ ದಾರಿ. ಪೆನ್ರಿತ್‌ನಲ್ಲಿ ಇಳಿದಾಗ ಪಶ್ಚಿಮಕ್ಕೆ ಬ್ಲೂ ಮೌಂಟನ್ಸ್ ಸಾಲು ನಿಜಕ್ಕೂ ನೀಲಿಯಾಗಿಯೇ ನಿಂತಿತ್ತು. ಬೆಟ್ಟದಿಂದ ಇಳಿದು ಬರುವ ಗಾಳಿಗೆ ನನ್ನ ಮಫ್ಲರು ಏನೂ ಸಾಲಲಿಲ್ಲ. ಮೈದಾನದ ಎದುರಿಗೇ ಕ್ಲಬ್ಬಿನ ದೊಡ್ಡ ಕಟ್ಟಡ. ಒಳಗೆ ಊಟದ ಮನೆಗಳು, ಸಾಲುಸಾಲು ಜೂಜಿನ ಯಂತ್ರಗಳು. ಆ ಯಂತ್ರಗಳ ಮುಂದೆ ಕೂತವರ ಮುಖ ನೋಡಿ ನನಗೆ ಪಿಚ್ಚೆನಿಸಿತು. ಇಲ್ಲಿನ ಎಷ್ಟೋ ಕ್ಲಬ್‌ಗಳನ್ನು ನಡೆಸುವುದು ಇದೇ ದುಡ್ಡು.

ನಮಗೆ ಸಿಕ್ಕಿದ್ದು ಮೈದಾನದ ತುದಿಯ ಹುಲ್ಲಿನ ದಿಬ್ಬ. ಕುರ್ಚಿಯಿಲ್ಲ, ಜಮಖಾನ ಹಾಸಿಕೊಂಡು ಕೂರುವುದು. ಪಕ್ಕದಲ್ಲಿ ಗುಲಾಬಿ ಜೆರ್ಸಿ ತೊಟ್ಟ ಒಬ್ಬ ಅಜ್ಜಿ, ಅವರ ಯಜಮಾನರು, ಹಿಂದೆ ಅಳಿಯ. ಪೆನ್ರಿತ್ ತಂಡ ದೊಡ್ಡ ಸ್ಪರ್ಧೆಗೆ ಬಂದಿದ್ದು 1967ರಲ್ಲಿ. ಅಂಗಿ ಕಂದು ಬಣ್ಣದ್ದಾಗಿದ್ದ ಆ ಕಾಲದಿಂದಲೂ ಅಜ್ಜಿ ಬರುತ್ತಿದ್ದಾರಂತೆ. ಮೊದಲ ಕಪ್ಪಿಗೆ 1991ರವರೆಗೆ ಕಾದರು, ಎರಡನೆಯದಕ್ಕೆ 2003ರವರೆಗೆ. ಆಮೇಲೆ ದೇವರು ಒಮ್ಮೆಲೇ ಕಣ್ಣು ಬಿಟ್ಟ: 2021, 2022, 2023, ಸಾಲಾಗಿ ಮೂರು.

ಅಜ್ಜಿ ಚಿಪ್ಸ್ ತಿಂದು ಮುಗಿಸಿದ ಕಾಗದದ ಡಬ್ಬಿಯನ್ನು ಬಿಚ್ಚಿ ಚಪ್ಪಟೆ ಮಾಡಿದರು. ಚೀಲದಿಂದ ಬಾಲ್‌ಪೆನ್ ತೆಗೆದು ಅದರ ಒಳಬದಿಯಲ್ಲಿ ಪೆನ್ರಿತ್ ಆಟಗಾರರ ಹೆಸರುಗಳನ್ನು ಬರೆಯತೊಡಗಿದರು. ಮೇಲೆ ಕ್ಲಿಯರಿ, ಕೆಳಗೆ ಯೋ, ಎಡ್ವರ್ಡ್ಸ್, ಟೋ. ಪ್ರತಿ ಹೆಸರಿನ ಮುಂದೆ ಸಾವಿರದ ಲೆಕ್ಕದಲ್ಲಿ ಒಂದು ಅಂಕಿ. ಎಣ್ಣೆ ಹೀರಿದ ಕಡೆ ಪೆನ್ನು ಓಡುತ್ತಿರಲಿಲ್ಲ. ಅಲ್ಲಿ ಒತ್ತಿ ಒತ್ತಿ ಬರೆದರು. ಯಜಮಾನರು ಕನ್ನಡಕ ಏರಿಸಿ, "ಅವನು ಅಷ್ಟು ಕೇಳಿರಲಾರ, ಐವತ್ತು ತೆಗೆ," ಎಂದರು. ಅಜ್ಜಿ ತೆಗೆಯಲಿಲ್ಲ. ಈ ಅಂಕಿಗಳೆಲ್ಲ ನಿಮಗೆ ಹೇಗೆ ಗೊತ್ತು ಎಂದು ನಾನು ಕೇಳಿದೆ. ಇಬ್ಬರೂ ನಕ್ಕರು. ಯಾರಿಗೂ ಗೊತ್ತಿಲ್ಲ! ಯಾವ ಆಟಗಾರನಿಗೆ ಎಷ್ಟು ಎಂದು ಲೀಗ್ ಪ್ರಕಟಿಸುವುದಿಲ್ಲ. ಪತ್ರಿಕೆಯವರು ಅಂದಾಜಿನಲ್ಲಿ ಬರೆಯುತ್ತಾರೆ, ಏಜೆಂಟರು ಬೇಕಾದಂತೆ ಸುದ್ದಿ ಬಿಡುತ್ತಾರೆ. ಇಡೀ ಪಶ್ಚಿಮ ಸಿಡ್ನಿ ಇಂಥ ಗಾಳಿಮಾತಿನ ಮೇಲೆ ಕೂಡಿ ಕಳೆದು ಜಗಳವಾಡುತ್ತದೆ.

ಆ ವರ್ಷದ ಜಗಳ ಜರೋಮ್ ಲುವಾಯ್ ಕುರಿತದ್ದು. ಮೌಂಟ್ ಡ್ರೂಯಿಟ್ ಸೀಮೆಯ ಹುಡುಗ, ಸೇಂಟ್ ಮೇರೀಸ್‌ನ ಮಕ್ಕಳ ತಂಡದಲ್ಲಿ ಆಡಿ ಮೇಲೆ ಬಂದವನು. ಮೂರು ಕಪ್ಪಿನಲ್ಲೂ ಅವನ ಪಾಲಿದೆ. ಅವನು ಆ ವರ್ಷದ ಪಂದ್ಯಗಳು ಶುರುವಾಗುವ ಮುಂಚೆಯೇ ವೆಸ್ಟ್ಸ್ ಟೈಗರ್ಸ್ ಜೊತೆ ಐದು ವರ್ಷಕ್ಕೆ ಸಹಿ ಹಾಕಿದ್ದ. ವರ್ಷಕ್ಕೆ 12 ಲಕ್ಷ ಡಾಲರ್ ಎಂದು ಪತ್ರಿಕೆಗಳು ಬರೆದವು. ಟೈಗರ್ಸ್ ಎಂದರೆ 2022 ಮತ್ತು 2023ರಲ್ಲಿ ಪಟ್ಟಿಯ ಕಟ್ಟಕಡೆಗೆ ಬಿದ್ದ ತಂಡ. ತುದಿಯಲ್ಲಿರುವವನನ್ನು ಬುಡದಲ್ಲಿರುವವನು ಹೀಗೆ ಎಳೆದುಕೊಳ್ಳಬಹುದು. ಕ್ಯಾಪ್ ಇರುವುದೇ ಅದಕ್ಕೆ.

ಅಳಿಯ ರೇಗಿದ: "ದುಡ್ಡಿಗೆ ಬಿದ್ದ, ಅಷ್ಟೇ." ಅಜ್ಜಿ ತಿರುಗಿ ನೋಡದೆಯೇ ಉತ್ತರಿಸಿದರು: "ವಯಸ್ಸು ಇಪ್ಪತ್ತೇಳು. ಭುಜ ಆಗಲೇ ಒಮ್ಮೆ ಕಳಚಿದೆ. ಇನ್ನೆಷ್ಟು ವರ್ಷ ಆಡಿಯಾನು? ನೀನಾಗಿದ್ದರೆ ಬಿಡುತ್ತಿದ್ದೆಯಾ?" ಅಳಿಯ ಬಾಯಿ ಮುಚ್ಚಿಕೊಂಡ. ತಂಡ ಮೈದಾನಕ್ಕೆ ಓಡಿ ಬಂತು. ಲುವಾಯ್ ಹೆಸರು ಕೂಗಿದಾಗ ಎಲ್ಲರಿಗಿಂತ ಗಟ್ಟಿಯಾಗಿ ಚಪ್ಪಾಳೆ ಹೊಡೆದವನು ಆ ಅಳಿಯನೇ. ಮುಂದಿನ ವರ್ಷ ಎದುರಾಳಿಯಾಗುವವನು ಈ ವರ್ಷ ತಮ್ಮ ಮನೆಯ ಮಗನಂತೆ ಮೈಮುರಿದು ಆಡುತ್ತಿದ್ದಾನೆ, ಇವರು ಹರಸುತ್ತಿದ್ದಾರೆ. ನಮ್ಮೂರಿನಲ್ಲಿ ಇದು ಸಾಧ್ಯವೇ ಎಂದು ನಾನು ಪಂದ್ಯದುದ್ದಕ್ಕೂ ಯೋಚಿಸಿದೆ.

ಪೆನ್ರಿತ್ ಬಿಟ್ಟವನು ಅವನೊಬ್ಬನೇ ಅಲ್ಲ. ಬರ್ಟನ್, ಕಿಕಾವ್, ಕ್ರೈಟನ್ ಮೂವರೂ ಕ್ಯಾಂಟರ್ಬರಿ ಬುಲ್‌ಡಾಗ್ಸ್‌ಗೆ ಹೋದರು. ಕೊರೊಯಿಸಾವ್ ಟೈಗರ್ಸ್‌ಗೆ, ಲೆನಿಯು ರೂಸ್ಟರ್ಸ್‌ಗೆ. ಫಿಷರ್-ಹ್ಯಾರಿಸ್ ಕೂಡ ವರ್ಷದ ಕೊನೆಗೆ ತವರು ನ್ಯೂಜಿಲೆಂಡಿನ ವಾರಿಯರ್ಸ್ ಸೇರುವುದೆಂದು ಗೊತ್ತಾಗಿತ್ತು. ದಿಬ್ಬದ ಮೇಲಿನವರಿಗೆ ಒಂದು ಹೆಸರು ಬಂದಾಗ ಮಾತ್ರ ನಿಜಕ್ಕೂ ಉರಿಯುತ್ತಿತ್ತು: ಫಿಲ್ ಗೌಲ್ಡ್. ಹತ್ತು ವರ್ಷ ಹಿಂದೆ ಪೆನ್ರಿತ್‌ನಲ್ಲಿ ಮಕ್ಕಳ ತಂಡಗಳಿಂದ ಹಿಡಿದು ಇಡೀ ವ್ಯವಸ್ಥೆ ಕಟ್ಟಿದವರಲ್ಲಿ ಅವರೇ ಮುಖ್ಯರು. 2024ರಲ್ಲಿ ಬುಲ್‌ಡಾಗ್ಸ್‌ನ ಆಟದ ವ್ಯವಹಾರ ನೋಡಿಕೊಳ್ಳುತ್ತಿದ್ದವರೂ ಅವರೇ. ಸಸಿ ನೆಟ್ಟವನೇ ಬೇಲಿ ಹಾರಿ ಬಂದು ಹಣ್ಣು ಕಿತ್ತುಕೊಂಡು ಹೋದ ಹಾಗೆ.

ರಗ್ಬಿ ಲೀಗ್ ಎಂಬ ಈ ಆಟದ ಹುಟ್ಟೇ ಸಂಬಳದ ಜಗಳದಿಂದ ಎಂದು ತಿಳಿದಾಗ ಇದೆಲ್ಲ ನನಗೆ ಇನ್ನೂ ಸೋಜಿಗವಾಯಿತು. 1895ರ ಆಗಸ್ಟ್ 29ರಂದು ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಕ್ಲಬ್‌ಗಳು ಸಭೆ ಸೇರಿದವು. ಗಣಿ, ಗಿರಣಿಯ ಕೂಲಿಗಳು ಆಟಕ್ಕಾಗಿ ಕೆಲಸ ಬಿಟ್ಟಾಗ ಕಳೆದುಕೊಳ್ಳುವ ದಿನಗೂಲಿಯನ್ನು ತುಂಬಿಕೊಡಬೇಕು ಎಂಬುದು ಅವರ ಬೇಡಿಕೆ. ಹಣ ಮುಟ್ಟಿದರೆ ಮೈಲಿಗೆ ಎಂದವರು ದಕ್ಷಿಣದ ದೊಡ್ಡ ಮನುಷ್ಯರು. ಅಲ್ಲಿಗೆ ರಗ್ಬಿ ಇಬ್ಭಾಗವಾಯಿತು. ಸಿಡ್ನಿಯಲ್ಲೂ 1907ರಲ್ಲಿ ಇಂಥದ್ದೇ ಕತೆ. ಅಲೆಕ್ ಬರ್ಡನ್ ಎಂಬ ಆಟಗಾರ ಪೆಟ್ಟು ತಿಂದು ಕೆಲಸ ತಪ್ಪಿಸಿಕೊಂಡರೂ ಪರಿಹಾರ ಸಿಗಲಿಲ್ಲ. ಮರುವರ್ಷ ಇಲ್ಲಿ ಲೀಗ್ ಶುರುವಾಯಿತು. ಕೂಲಿ ಕೊಡಿ ಎಂದು ಹುಟ್ಟಿದ ಆಟ ಈಗ ಕೂಲಿ ಇಷ್ಟೇ ಎಂದು ಗೆರೆ ಎಳೆದು ಕೂತಿದೆ!

ಗೆರೆ ದಾಟಿದವರ ಪಾಡೂ ಹೇಳುವಂಥದ್ದೇ. 2002ರಲ್ಲಿ ಬುಲ್‌ಡಾಗ್ಸ್ ಪಟ್ಟಿಯ ನೆತ್ತಿಯ ಮೇಲಿದ್ದಾಗ 37 ಅಂಕ ಕಿತ್ತುಕೊಂಡು ತಳಕ್ಕೆ ತಳ್ಳಿದರು. ಮೆಲ್ಬರ್ನ್ ಸ್ಟಾರ್ಮ್ ಎರಡು ಬಗೆಯ ಕಾಗದಪತ್ರ ಇಟ್ಟುಕೊಂಡು ಆಟಗಾರರಿಗೆ ಗುಟ್ಟಾಗಿ ಹೆಚ್ಚಿಗೆ ಕೊಡುತ್ತಿತ್ತು. 2010ರ ಏಪ್ರಿಲ್‌ನಲ್ಲಿ ಸಿಕ್ಕಿಬಿತ್ತು. ಅದರ 2007 ಮತ್ತು 2009ರ ಪ್ರಶಸ್ತಿಗಳನ್ನು ವಾಪಸ್ ಪಡೆದರು. ಆ ವರ್ಷದ ಉಳಿದ ಪಂದ್ಯಗಳನ್ನು ಗೆದ್ದರೂ ಅಂಕವಿಲ್ಲ ಎಂದರು. ಆಟಗಾರರು ಪ್ರತಿ ವಾರ ಸೊನ್ನೆಗಾಗಿ ಹೊಡೆದಾಡಿದರು.

ಹಿಂತಿರುಗುವ ರೈಲಿನಲ್ಲಿ ಹುಡುಗನಿಗೆ ನಾನು ಐಪಿಎಲ್ ಹರಾಜನ್ನು ವಿವರಿಸಿದೆ. ಅಲ್ಲೂ ಪ್ರತಿ ತಂಡದ ಥೈಲಿಗೆ ಮಿತಿಯಿದೆ, ಕೆಲವರನ್ನು ಉಳಿಸಿಕೊಳ್ಳಬಹುದು, ಉಳಿದವರನ್ನು ಸುತ್ತಿಗೆ ಹೊಡೆದು ಮಾರುತ್ತಾರೆ ಎಂದೆ. ಹುಡುಗ ಕಣ್ಣರಳಿಸಿದ: "ಯಾವ ಊರಿಗೆ ಹೋಗ್ಬೇಕು ಅಂತ ಪ್ಲೇಯರ್‌ನ ಕೇಳೋದೇ ಇಲ್ವಾ?" ಇಲ್ಲ ಮಗು, ಎಂದೆ. ಆಗ ಅವನ ಅಪ್ಪ ಹೇಳಿದ ಕತೆ ನನ್ನನ್ನು ಸುಮ್ಮನಾಗಿಸಿತು. 1990ರ ದಶಕದ ಆರಂಭದಲ್ಲಿ ಇಲ್ಲೂ ಆಟಗಾರರನ್ನು ಕ್ಲಬ್‌ಗಳು ಸರದಿಯಂತೆ ಆರಿಸಿಕೊಳ್ಳುವ ಪದ್ಧತಿ ತಂದಿದ್ದರು. ಟೆರಿ ಹಿಲ್ ಎಂಬ ಹುಡುಗ ವೆಸ್ಟರ್ನ್ ಸಬರ್ಬ್ಸ್‌ಗೆ ಹೋಗಲು ಬಯಸಿದರೆ ಈಸ್ಟರ್ನ್ ಸಬರ್ಬ್ಸ್ ಅವನನ್ನು ಎತ್ತಿಕೊಂಡಿತು. ಆಟಗಾರರು ಕೋರ್ಟಿಗೆ ಹೋದರು. ದುಡಿಯುವವನು ಎಲ್ಲಿ ದುಡಿಯಬೇಕೆಂಬುದನ್ನು ಹೀಗೆ ಕಟ್ಟಿಹಾಕುವಂತಿಲ್ಲ ಎಂದು ಫೆಡರಲ್ ಕೋರ್ಟಿನ ಪೂರ್ಣಪೀಠ 1991ರಲ್ಲಿ ಆ ಪದ್ಧತಿಯನ್ನು ತಳ್ಳಿಹಾಕಿತು. ಕ್ಯಾಪ್ ಉಳಿಯಿತು. ಇಂದಿಗೂ ಇಲ್ಲಿ ಆಟಗಾರ ತನ್ನ ಊರನ್ನು ತಾನೇ ಆರಿಸುತ್ತಾನೆ.

ಆ ಅಕ್ಟೋಬರ್‌ನಲ್ಲಿ ಪೆನ್ರಿತ್ ಮೆಲ್ಬರ್ನ್ ತಂಡವನ್ನು 14-6ರಿಂದ ಸೋಲಿಸಿ ನಾಲ್ಕನೇ ಕಪ್ಪನ್ನೂ ಎತ್ತಿತು. ಲುವಾಯ್ ಆಡಿದ, ಗೆದ್ದ, ಹೋದ. ಕ್ಯಾಪ್ ಇಲ್ಲದ ಕಾಲದಲ್ಲಿ ಸೇಂಟ್ ಜಾರ್ಜ್ 1956ರಿಂದ 1966ರವರೆಗೆ ಸಾಲಾಗಿ ಹನ್ನೊಂದು ಗೆದ್ದಿತ್ತು ನಿಜ. ಆದರೆ ವರ್ಷವರ್ಷವೂ ಒಳ್ಳೆಯವರನ್ನು ಕಳೆದುಕೊಂಡು ಗೆದ್ದ ಈ ನಾಲ್ಕನ್ನೇ ನಾನು ದೊಡ್ಡದೆನ್ನುತ್ತೇನೆ. 2025ರಲ್ಲಿ ಬ್ರಿಸ್ಬೇನ್ ಪೆನ್ರಿತ್ ತಂಡವನ್ನು ಫೈನಲ್ಲಿನ ಹೊಸ್ತಿಲಲ್ಲಿ 16-14ರಿಂದ ತಡೆಯಿತು. ಟೈಗರ್ಸ್ ಕೊನೆಯ ಸ್ಥಾನದಿಂದ ಮೇಲೆದ್ದಿತು. ಆ ಸ್ಥಾನಕ್ಕೆ ಬಿದ್ದ ನ್ಯೂಕಾಸಲ್, ಪರಮಟ್ಟಾದ ಡಿಲನ್ ಬ್ರೌನ್‌ಗೆ ಹತ್ತು ವರ್ಷಕ್ಕೆ 1.3 ಕೋಟಿ ಡಾಲರ್ ಕೊಡಲು ಒಪ್ಪಿತು ಎಂದು ಸುದ್ದಿಯಾಯಿತು. ಅಂದು ನಮ್ಮ ಹುಡುಗ ಫೋನಿನಲ್ಲಿ ಅತ್ತೇಬಿಟ್ಟ.

ಸಂಬಳದ ಮಿತಿ ಇರಲಿ, ಆದರೆ ಎಂಟು-ಹತ್ತು ವರ್ಷದಿಂದ ಸಾಕಿ ಬೆಳೆಸಿದ ಹುಡುಗನನ್ನು ಉಳಿಸಿಕೊಳ್ಳಲು ಆ ಕ್ಲಬ್ಬಿಗೆ ಈಗಿರುವುದಕ್ಕಿಂತ ದೊಡ್ಡ ರಿಯಾಯಿತಿ ಸಿಗಬೇಕು. ಅಜ್ಜಿಯ ಡಬ್ಬಿ ನೋಡಿದ ಮೇಲೆ ನನ್ನ ತೀರ್ಪು ಇದು. ನೀವೂ ಸಿಡ್ನಿಗೆ ಹೋಗುವುದಾದರೆ ಆಪೆರಾ ಹೌಸ್ ನೋಡಿಕೊಂಡು ಸುಮ್ಮನೆ ಬರಬೇಡಿ, ಪಶ್ಚಿಮದ ರೈಲು ಹತ್ತಿ. ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಹೋದರೆ ಆಟ, ಜಗಳ ಎರಡೂ ಸಿಗುತ್ತವೆ. ನವೆಂಬರ್ 1ರಂದು ಹೋದರೆ ಬರೀ ಜಗಳ.