ಮುಂಗಡ ಕೊಟ್ಟವರ ಹೆಸರು

ಹೆಬ್ಡನ್ ಬ್ರಿಜ್, ಪಶ್ಚಿಮ ಯಾರ್ಕ್‌ಶೈರ್

ಅಕ್ಕಾ,

ಲಂಡನ್ನಿನ ಸುದ್ದಿ ಈ ಕಾಗದದಲ್ಲಿ ಸಿಗುವುದಿಲ್ಲ. ಉತ್ತರ ಇಂಗ್ಲೆಂಡಿನ ಈ ಸಣ್ಣ ಊರು ಕಡಿದಾದ ಒಂದು ಕಣಿವೆಯ ತಳದಲ್ಲಿದೆ. ಕಾಲ್ಡರ್ ಹೊಳೆ, ರಾಚ್‌ಡೇಲ್ ಕಾಲುವೆ, ರೈಲುದಾರಿ, ರಸ್ತೆ, ನಾಲ್ಕೂ ಒಂದಕ್ಕೊಂದು ಒತ್ತಿಕೊಂಡೇ ಹೋಗುತ್ತವೆ. ಸಪಾಟು ಜಾಗ ಇಲ್ಲದ್ದರಿಂದ ಗಿರಣಿಗಳ ಕಾಲದಲ್ಲಿ ಮನೆಯ ಮೇಲೆ ಮನೆ ಕಟ್ಟಿದರು. ಕೆಳಗಿನ ಮನೆಗೆ ಕೆಳಬೀದಿಯಿಂದ ಬಾಗಿಲು, ಅದರ ನೆತ್ತಿಯ ಮೇಲಿನ ಮನೆಗೆ ಹಿಂಬದಿಯ ಮೇಲ್‌ಬೀದಿಯಿಂದ ಬಾಗಿಲು. ಗಿರಣಿಗಳು ನಿಂತು ಬಹಳ ವರ್ಷಗಳಾದವು. 2015ರ ಕ್ರಿಸ್‌ಮಸ್ ಮರುದಿನ ಹೊಳೆ ಉಕ್ಕಿ ಅಂಗಡಿಬೀದಿಗೆಲ್ಲ ನೀರು ನುಗ್ಗಿತ್ತು. ಇಂಥ ಊರಿನಿಂದ ಬ್ಲೂಮೂಸ್ ಬುಕ್ಸ್ ಎಂಬ ಪ್ರಕಾಶನ 2006ರಿಂದ ಪುಸ್ತಕ ತರುತ್ತಿದೆ. ಮ್ಯಾಂಚೆಸ್ಟರಿನಲ್ಲಿ ಕಾಮಾ ಪ್ರೆಸ್ ಇದೆ, ಲೀಡ್ಸ್‌ನಲ್ಲಿ ಕೆರಿಬಿಯನ್ ಮೂಲದ ಲೇಖಕರಿಗೆ ನೆಲೆಯಾದ ಪೀಪಲ್ ಟ್ರೀ ಇದೆ, ಶೆಫೀಲ್ಡಿನಲ್ಲಿ ನಮ್ಮ ಬಾನು ಮುಷ್ತಾಕರ ಕತೆಗಳನ್ನು ಇಂಗ್ಲಿಷಿನಲ್ಲಿ ತಂದ ಆ್ಯಂಡ್ ಅದರ್ ಸ್ಟೋರೀಸ್ ಇದೆ. ರಾಜಧಾನಿಯ ದೊಡ್ಡ ಸಂಸ್ಥೆಗಳಿಗೆ ಸೆಡ್ಡು ಹೊಡೆದು ಇವು ಹೇಗೆ ನಿಂತವು ಎಂಬುದು ಧಾರವಾಡದ ನಿನಗೂ ಬೇಕಾದ ವಿಷಯ. ಅದಕ್ಕೇ ಈ ಉದ್ದದ ಕಾಗದ.

ಸಣ್ಣ ಪ್ರಕಾಶನಗಳ ಮಾತು ಬಂದಾಗ ನಾವು ಸಂಪಾದಕನ ಧೈರ್ಯವನ್ನು, ಅಭಿರುಚಿಯನ್ನು ಹೊಗಳಿ ಸುಮ್ಮನಾಗುತ್ತೇವೆ. ಧೈರ್ಯ ಬೇಕು, ಸರಿ. ಆದರೆ ಒಂದು ಸೀಮೆಯ ಬರಹವನ್ನು ಅದರ ಮಾತು, ಅದರ ಒರಟುತನ, ಅದರ ಜಗಳಗಳ ಸಮೇತ ಅಚ್ಚು ಹಾಕುವುದು ಸಾಧ್ಯವಾಗುವುದು ದುಡ್ಡು ಯಾವ ದಾರಿಯಲ್ಲಿ, ಯಾವಾಗ ಬರುತ್ತದೆ ಎಂಬುದರಿಂದ. ಕಾಗದ, ಅಚ್ಚು, ಬೈಂಡಿಂಗ್, ಕರಡು ತಿದ್ದಿದವರ ಸಂಬಳ ಎಲ್ಲಕ್ಕೂ ಪುಸ್ತಕ ಹೊರಬರುವ ಮೊದಲೇ ಹಣ ಬೇಕು. ಮಾರಾಟದ ಹಣ ಬರುವುದು ತಿಂಗಳುಗಟ್ಟಲೆ ತಡವಾಗಿ. ಇಲ್ಲಿ ಅಂಗಡಿಯವರು ಮುಖಬೆಲೆಯಲ್ಲಿ ಅರ್ಧದ ಹತ್ತಿರ ರಿಯಾಯಿತಿ ಕೇಳುತ್ತಾರೆ, ಮಾರದೆ ಉಳಿದ ಪ್ರತಿಗಳನ್ನು ವಾಪಸು ಕಳಿಸುವ ಹಕ್ಕೂ ಅವರಿಗಿದೆ. ಹಾಗಾಗಿ ನಡುವಿನ ಆ ತಿಂಗಳುಗಳ ಭಾರವನ್ನು ಯಾರಾದರೂ ಹೊರಲೇಬೇಕು: ಪ್ರಕಾಶಕನ ಮನೆ, ಸರ್ಕಾರ, ಇಲ್ಲವೆ ಓದುಗ. ಯಾರು ಹೊರುತ್ತಾರೋ ಪುಸ್ತಕಗಳ ಪಟ್ಟಿ ನಿಧಾನಕ್ಕೆ ಅವರ ಕಡೆ ವಾಲುತ್ತದೆ. ಓದುಗ ಹೊತ್ತಾಗಲೇ ಸೀಮೆಯ ಬರಹ ತನ್ನ ಪೂರ್ತಿ ಎತ್ತರಕ್ಕೆ ನಿಲ್ಲಬಲ್ಲದು ಎಂಬುದು ನನ್ನ ವಾದ.

ಬ್ಲೂಮೂಸಿನಲ್ಲಿ ಮೊದಲು ಹೊತ್ತದ್ದು ಮನೆ. ಕೆವಿನ್ ಡಫಿ ದಂಪತಿ ಮನೆಯ ಮೇಲೆ ಸಾಲ ತೆಗೆದು ಪ್ರಕಾಶನ ಶುರುಮಾಡಿದರು. ಅವರು ತಂದ ಪುಸ್ತಕಗಳಲ್ಲಿ ನೀನು ಓದಲೇಬೇಕಾದದ್ದು ಬೆಂಜಮಿನ್ ಮಯರ್ಸ್‌ನ ‘ದ ಗ್ಯಾಲೋಸ್ ಪೋಲ್’. 2017ರಲ್ಲಿ ಬಂದ ಕಾದಂಬರಿ ಅದು. ಕತೆ ಇದೇ ಕಣಿವೆಯದು, 18ನೇ ಶತಮಾನದ್ದು. ಕ್ರ್ಯಾಗ್ ವೇಲ್ ಎಂಬ ಪಕ್ಕದ ಕಮರಿಯಲ್ಲಿ ಕೈಮಗ್ಗದ ನೇಕಾರರೂ ಕೂಲಿಗಳೂ ಸೇರಿ ಚಿನ್ನದ ಗಿನಿ ನಾಣ್ಯಗಳ ಅಂಚನ್ನು ಕತ್ತರಿಸುತ್ತಿದ್ದರು. ಕತ್ತರಿಸಿದ ಅಂಚಿಗೆ ಅರದಿಂದ ಮತ್ತೆ ಗೀರು ಹಾಕಿ ನಾಣ್ಯವನ್ನು ಚಲಾವಣೆಗೆ ಬಿಡುವುದು, ಉದುರಿದ ಚೂರುಗಳನ್ನು ಕರಗಿಸಿ ಪೋರ್ಚುಗೀಸ್ ನಾಣ್ಯದ ನಕಲು ಹೊಡೆಯುವುದು, ಇದು ಅವರ ಕಸುಬು. ಅವರ ಮುಖಂಡ ಡೇವಿಡ್ ಹಾರ್ಟ್ಲಿಯನ್ನು ಜನ ರಾಜ ಎಂದೇ ಕರೆಯುತ್ತಿದ್ದರು. 1769ರ ನವೆಂಬರಿನಲ್ಲಿ ಅವರ ಬೆನ್ನು ಹತ್ತಿದ್ದ ಅಬಕಾರಿ ಅಧಿಕಾರಿಯೊಬ್ಬನ ಕೊಲೆಯಾಯಿತು. ಮರುವರ್ಷ ಹಾರ್ಟ್ಲಿಯನ್ನು ಯಾರ್ಕ್‌ನಲ್ಲಿ ಗಲ್ಲಿಗೇರಿಸಿದರು. ಅವನ ಸಮಾಧಿ ಈ ಊರಿನ ನೆತ್ತಿಯಲ್ಲಿರುವ ಹೆಪ್ಟನ್‌ಸ್ಟಾಲ್ ಚರ್ಚಿನ ಅಂಗಳದಲ್ಲಿದೆ. ಕಾದಂಬರಿಯ ನಡುನಡುವೆ ಹಾರ್ಟ್ಲಿ ಸೆರೆಮನೆಯಲ್ಲಿ ಬರೆದಂತೆ ಬರುವ ಪುಟಗಳಿವೆ. ಅವುಗಳ ಕಾಗುಣಿತ ಓದು ಬರಹ ಅಷ್ಟಕ್ಕಷ್ಟೆ ಬಂದ ಯಾರ್ಕ್‌ಶೈರಿನ ಗುಡ್ಡಗಾಡಿನವನದು. ಗಟ್ಟಿಯಾಗಿ ಓದಿದರೆ ಮಾತ್ರ ತಿಳಿಯುತ್ತದೆ, ನಮ್ಮ ಕಡೆಯ ಆಡುಮಾತಿನ ಕತೆಗಳನ್ನು ಮೈಸೂರಿನವರು ಓದಬೇಕಾದ ಹಾಗೆ. ಮಾರುಕಟ್ಟೆಯನ್ನಷ್ಟೇ ನೋಡುವವರು ಆ ಪುಟಗಳನ್ನು ತಿದ್ದಿ ಸಾಪು ಮಾಡಲು ಹೇಳುತ್ತಿದ್ದರು ಎಂದುಕೊಳ್ಳಲು ಹೆಚ್ಚು ಕಲ್ಪನೆ ಬೇಡ. ಈ ಕಾದಂಬರಿಗೆ 2018ರಲ್ಲಿ ಐತಿಹಾಸಿಕ ಕಥನಕ್ಕೆ ಕೊಡುವ ವಾಲ್ಟರ್ ಸ್ಕಾಟ್ ಪ್ರಶಸ್ತಿ ಬಂತು. 2023ರಲ್ಲಿ ಬಿಬಿಸಿ ಅದನ್ನು ಆಧರಿಸಿ ಧಾರಾವಾಹಿ ಮಾಡಿತು.

ಗೆದ್ದ ಕತೆ ಇದು ಎನ್ನಬಹುದು. ಆದರೆ ಮನೆ ಅಡವಿಡುವ ದಾರಿಯನ್ನು ಎಲ್ಲರಿಗೂ ತೋರಿಸುವುದು ಕ್ರೂರವಾದೀತು. ಎರಡು ಪುಸ್ತಕ ಸೋತರೆ ಸೂರೇ ಹೋಗುತ್ತದೆ. ಅಡವಿಡಲು ಮನೆ ಇರುವವರಷ್ಟೇ ಪ್ರಕಾಶಕರಾಗಬಲ್ಲರು ಎಂದಾದರೆ ಬೇರೆ ಯಾರ ಸೀಮೆಯೂ ಪುಸ್ತಕಕ್ಕೆ ಬರುವುದಿಲ್ಲ.

ಶೆಫೀಲ್ಡಿನವರ ದಾರಿ ಬೇರೆ. ಆ್ಯಂಡ್ ಅದರ್ ಸ್ಟೋರೀಸಿನ ಮೊದಲ ಪುಸ್ತಕಗಳು ಬಂದದ್ದು 2011ರಲ್ಲಿ. ಉಕ್ಕಿನ ಕಾರ್ಖಾನೆಗಳ ಶೆಫೀಲ್ಡಿಗೆ ಅವರು ಬಂದದ್ದು 2017ರಲ್ಲಿ. ಅವರಿಗೆ ಚಂದಾದಾರರಿದ್ದಾರೆ. ವರ್ಷಕ್ಕೆ ಎರಡು, ನಾಲ್ಕು ಅಥವಾ ಆರು ಪುಸ್ತಕಗಳಿಗೆ ಹಣ ಕಟ್ಟುತ್ತಾರೆ, ಪುಸ್ತಕ ಬಂದ ಹಾಗೆ ಅಂಚೆಯಲ್ಲಿ ಮನೆಗೆ ತಲುಪುತ್ತದೆ. ಯಾವ ಲೇಖಕರು, ಯಾವ ಕತೆ ಎಂದು ಕೇಳಿ ಕಟ್ಟುವ ಹಣವಲ್ಲ ಅದು. ಅವರ ಯಾವುದೇ ಪುಸ್ತಕದ ಕೊನೆಯ ಪುಟಗಳನ್ನು ತೆಗೆದರೂ ಸಣ್ಣಕ್ಷರದಲ್ಲಿ ಹೆಸರುಗಳು, ಪುಟದ ನಂತರ ಪುಟ, ಅಕಾರಾದಿಯಲ್ಲಿ. ಆ ಪುಸ್ತಕ ಬರಲೆಂದು ಮೊದಲೇ ಹಣ ಕೊಟ್ಟವರ ಹೆಸರುಗಳು ಅವು. ಇನ್ನೂ ಓದದ ಪುಸ್ತಕಕ್ಕೆ ಹೊಣೆಯಾದವರ ಆ ಪಟ್ಟಿ ನನಗೆ ಎಷ್ಟೋ ಮುನ್ನುಡಿಗಳಿಗಿಂತ ದೊಡ್ಡದಾಗಿ ಕಾಣುತ್ತದೆ. ಅದರ ಬಲದ ಮೇಲೆ ಏನೇನಾಯಿತು ನೋಡು. ದೊಡ್ಡ ಸಂಸ್ಥೆಗಳು ಬೇಡವೆಂದಿದ್ದ ಡೆಬೊರಾ ಲೆವಿಯ ‘ಸ್ವಿಮಿಂಗ್ ಹೋಮ್’ ಇಲ್ಲಿಂದ ಹೊರಟು 2012ರ ಬೂಕರ್ ಅಂತಿಮ ಪಟ್ಟಿಗೆ ಹೋಯಿತು. ಉತ್ತರ ಇಂಗ್ಲೆಂಡಿನ ಲೇಖಕರಿಗೆಂದೇ ನಾರ್ದರ್ನ್ ಬುಕ್ ಪ್ರೈಜ್ ಹುಟ್ಟಿತು. ಅದರಲ್ಲಿ ಮೊದಲು ಗೆದ್ದ, ಕಂಬ್ರಿಯದಲ್ಲಿ ನೆಲೆಸಿದ ಏಮಿ ಆರ್ನಲ್ಡರ ‘ಸ್ಲಿಪ್ ಆಫ್ ಎ ಫಿಶ್’ ಎಂಬ ಬಿಗಿಯಾದ, ಸುಲಭಕ್ಕೆ ದಕ್ಕದ ಕಾದಂಬರಿ 2018ರಲ್ಲಿ ಪ್ರಕಟವಾಯಿತು. ಮತ್ತೆ 2025ರಲ್ಲಿ ‘ಹಾರ್ಟ್ ಲ್ಯಾಂಪ್’. ಹಾಸನದ ವಕೀಲೆ, ಬಂಡಾಯ ಸಾಹಿತ್ಯದ ಕಾಲದಿಂದ ಬರೆಯುತ್ತ ಬಂದ ಬಾನು ಅವರ 12 ಕತೆಗಳು. ಆರಿಸಿ ಇಂಗ್ಲಿಷಿಗೆ ತಂದವರು ಮಡಿಕೇರಿಯ ದೀಪಾ ಭಾಸ್ತಿ. ಕನ್ನಡ, ಉರ್ದು ಮಾತುಗಳಿಗೆ ಓರೆ ಅಕ್ಷರವಿಲ್ಲ, ಅಡಿಟಿಪ್ಪಣಿಯಿಲ್ಲ. ಮೇ 20ರಂದು ಅದಕ್ಕೆ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ, ಸಣ್ಣಕತೆಗಳ ಸಂಕಲನವೊಂದಕ್ಕೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ಸಣ್ಣಕತೆಗಳು ಮಾರುವುದಿಲ್ಲ ಎಂಬುದು ಲಂಡನ್ನಿನಲ್ಲೂ ಬೆಂಗಳೂರಿನಲ್ಲೂ ಒಂದೇ ರೀತಿ ಕೇಳುವ ಮಾತು. ಮೊದಲೇ ಹಣ ಕಟ್ಟಿದವರ ಮುಂದೆ ಆ ಮಾತಿಗೆ ಬಲವಿಲ್ಲ.

ಇದನ್ನೆಲ್ಲ ಧಾರವಾಡಕ್ಕೆ ಹೊಸದೆಂದು ಬರೆದರೆ ನೀನು ನಗುತ್ತೀ. ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆಯನ್ನು ಕಟ್ಟಿದ್ದೇ ಚಂದಾದಾರರನ್ನು ನಂಬಿ. ಅದರ ಕಚೇರಿಯಾಗಿದ್ದ ಅಟ್ಟದಲ್ಲಿ ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರು ಸಲಹೆಗೆ ಕೂತಿದ್ದರು. ಗಿರೀಶ ಕಾರ್ನಾಡರು ಹೆಸರಿಲ್ಲದ ಹುಡುಗನಾಗಿದ್ದಾಗ ಬರೆದ ‘ಯಯಾತಿ’ 1961ರಲ್ಲಿ ಬಂದದ್ದು ಅಲ್ಲಿಂದ. ಅಂದಿನ ಲೆಕ್ಕದಲ್ಲಿ ಹೊಸಬನ ನಾಟಕಕ್ಕಿಂತ ಕೆಟ್ಟ ವ್ಯಾಪಾರ ಯಾವುದಿತ್ತು? ಚಂದಾದಾರನಿಗೆ ಮಾತ್ರ ಅದು ಆ ವರ್ಷದ ಪುಸ್ತಕಗಳಲ್ಲೊಂದು. ಕಾದಂಬರಿಯ ಜೊತೆ ನಾಟಕವೂ ಮನೆಗೆ ಬಂತು, ಓದಿದ. ಗಂಟು ಕಟ್ಟಿ ಕಳಿಸುವ ಈ ಪದ್ಧತಿಯ ಗುಟ್ಟು ಅಲ್ಲೇ ಇದೆ. ಓದುಗ ತಾನಾಗಿ ಅಂಗಡಿಯಲ್ಲಿ ಆರಿಸದ ಪುಸ್ತಕವೂ ಅವನ ಕೈ ಸೇರುತ್ತದೆ. ಹೊಸ ಲೇಖಕನ ಹೊರೆಯನ್ನು ಹಳೆಯ ಲೇಖಕ ಸ್ವಲ್ಪ ಹೊರುತ್ತಾನೆ.

ಇದಕ್ಕೆ ಎದುರು ಮಾತುಗಳಿವೆ. ಎಲ್ಲಕ್ಕಿಂತ ಗಟ್ಟಿಯಾದದ್ದು ಈ ದೇಶದ್ದೇ. ಅನ್‌ಬೌಂಡ್ ಎಂಬ ಪ್ರಕಾಶನ ಕೂಡ ಓದುಗರ ಮುಂಗಡದ ಮೇಲೆಯೇ 2011ರಲ್ಲಿ ಶುರುವಾಯಿತು. ಅದರಿಂದ ಬಂದ ಪಾಲ್ ಕಿಂಗ್ಸ್‌ನಾರ್ತ್‌ನ ‘ದ ವೇಕ್’ 2014ರಲ್ಲಿ ಬೂಕರ್ ಮೊದಲ ಪಟ್ಟಿ ಸೇರಿತು. ಅದೇ ಸಂಸ್ಥೆ 2025ರ ಮಾರ್ಚಿನಲ್ಲಿ ದಿವಾಳಿಯ ಅಂಚಿಗೆ ಬಂದು ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಲೇಖಕರಿಗೆ ಬರಬೇಕಾದ ಹಣ ನಿಂತಿತು, ಪುಸ್ತಕಕ್ಕೆ ಹಣ ಕೊಟ್ಟ ಓದುಗರು ಕಾಯುತ್ತ ಉಳಿದರು. ಮುಂಗಡದ ಮೇಲೆ ನಂಬಿಕೆಯೇ ಹೋಗುವಂಥ ಘಟನೆ ಇದು. ಆದರೆ ಎರಡೂ ಪದ್ಧತಿಗಳ ಒಳಗಿನ ವ್ಯತ್ಯಾಸ ಗಮನಿಸು. ಅನ್‌ಬೌಂಡಿನಲ್ಲಿ ಹಣ ಕಟ್ಟುತ್ತಿದ್ದದ್ದು ಒಂದೊಂದು ಪುಸ್ತಕಕ್ಕೆ, ಬೇರೆ ಬೇರೆಯಾಗಿ. ಅಂದರೆ ಲೇಖಕನೇ ತನ್ನ ಬಳಗದಲ್ಲಿ ಹಣ ಕೂಡಿಸಬೇಕು. ಬಳಗ ದೊಡ್ಡದಿದ್ದವರಿಗೆ, ಮೊದಲೇ ಹೆಸರಾದವರಿಗೆ ಅದು ಸಲೀಸು. ಎಲ್ಲೋ ಗುಡ್ಡದ ಹಳ್ಳಿಯಲ್ಲಿ ಕೂತು ಮೊದಲ ಪುಸ್ತಕ ಬರೆದವನಿಗೆ ಅಲ್ಲ. ಓದುಗನ ನಂಬಿಕೆಯೂ ಆ ಲೇಖಕನ ಮೇಲೆಯೇ ಹೊರತು ಸಂಪಾದಕನ ಮೇಲಲ್ಲ. ಚಂದಾ ಎಂಬುದು ಸಂಪಾದಕನಿಗೆ ಕೊಟ್ಟ ಸಾಲ. ವರ್ಷಕ್ಕೆ ಇಷ್ಟೇ ಪುಸ್ತಕ ಎಂಬ ಕಟ್ಟೂ ಅದರಲ್ಲೇ ಇದೆ, ಇಂದಿನ ಪುಸ್ತಕದ ಹಣದಲ್ಲಿ ನಿನ್ನೆಯ ಸಾಲ ತೀರಿಸಲು ಅದು ಹೆಚ್ಚು ಎಡೆ ಕೊಡುವುದಿಲ್ಲ. ಹಾಗೆಂದು ಚಂದಾ ಪದ್ಧತಿಗೆ ಸೋಲೇ ಇಲ್ಲವೆನ್ನಲಾರೆ. ಓದುಗನ ಹಣವನ್ನು ಬೇರೆ ಖಾತೆಯಲ್ಲಿಟ್ಟು, ಪುಸ್ತಕ ತಲುಪಿದ ಮೇಲೆ ಮಾತ್ರ ತನ್ನದೆಂದುಕೊಳ್ಳುವ ಶಿಸ್ತಿಲ್ಲದಿದ್ದರೆ ಇದೂ ಅದೇ ಹಾದಿ ಹಿಡಿದೀತು.

ಇನ್ನೊಂದು ಆಕ್ಷೇಪ ಚಂದಾದಾರರ ಬಗ್ಗೆ. ಈ ಹಣ ಕಟ್ಟುವವರು ದೂರದ ಪಟ್ಟಣಗಳ, ಕೈಯಲ್ಲಿ ನಾಲ್ಕು ಕಾಸಿರುವ ಓದುಗರು. ಹಾಗಿರುವಾಗ ಕಣಿವೆಯ ಕತೆ ಅವರ ಕುತೂಹಲಕ್ಕೆ ತಕ್ಕ ವಸ್ತುವಾಗುವುದಿಲ್ಲವೇ ಎನ್ನುತ್ತಾರೆ. ಇದನ್ನು ನಾನು ಹಗುರಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಅಂಥ ಕುತೂಹಲಕ್ಕೆ ಮಣಿದ ಪುಸ್ತಕಗಳನ್ನು ಗುರುತಿಸುವುದು ಕಷ್ಟವಲ್ಲ, ಅವು ಪುಟಪುಟಕ್ಕೂ ಹೊರಗಿನವನಿಗೆ ವಿವರಣೆ ಕೊಡುತ್ತಿರುತ್ತವೆ. ಹಾರ್ಟ್ಲಿಯ ಒರಟು ಕಾಗುಣಿತವಾಗಲಿ, ಅಡಿಟಿಪ್ಪಣಿಯಿಲ್ಲದ ಬಾನು ಅವರ ಕತೆಗಳಾಗಲಿ ಹಾಗೆ ಮಾಡುವುದಿಲ್ಲ. ಹಣ ಮೊದಲೇ ಸಂದಿದ್ದರಿಂದ ಅಂಗಡಿಯಲ್ಲಿ ಪುಟ ತಿರುವುವ ಅಪರಿಚಿತನನ್ನು ಒಲಿಸಿಕೊಳ್ಳುವ ದರ್ದು ಆ ಪುಸ್ತಕಕ್ಕಿಲ್ಲ.

ಗೆದ್ದ ಲೇಖಕರು ಸಣ್ಣ ಪ್ರಕಾಶನ ಬಿಟ್ಟು ದೊಡ್ಡದಕ್ಕೆ ಹೋಗುತ್ತಾರೆ ಎಂಬ ದೂರಿನಲ್ಲಿ ಸತ್ಯವಿದೆ. ಮಯರ್ಸ್‌ನ ಪ್ರಶಸ್ತಿಯ ನಂತರದ ಕಾದಂಬರಿ ‘ದ ಆಫಿಂಗ್’ 2019ರಲ್ಲಿ ಬ್ಲೂಮ್ಸ್‌ಬರಿಯಿಂದ ಬಂತು. ಬಿತ್ತಿದವರೊಬ್ಬರು, ಒಕ್ಕಿದವರೊಬ್ಬರು ಎನಿಸುತ್ತದೆ. ಲೇಖಕನಿಗೂ ಹೊಟ್ಟೆಯಿದೆ, ತಡೆಯುವುದು ನ್ಯಾಯವಲ್ಲ. ಕಾರ್ನಾಡರು ಮಾತ್ರ ಜಗತ್ತೆಲ್ಲ ಸುತ್ತಿದ ಮೇಲೂ 2018ರ ‘ರಾಕ್ಷಸ ತಂಗಡಿ’ಯವರೆಗೆ ಕನ್ನಡದ ನಾಟಕಗಳನ್ನು ಅದೇ ಅಟ್ಟಕ್ಕೆ ಕೊಟ್ಟರು. ಅಂಥ ನಿಷ್ಠೆ ದೊಡ್ಡದು, ಆದರೆ ಅದನ್ನು ಲೆಕ್ಕದ ಪುಸ್ತಕದಲ್ಲಿ ಬರೆದುಕೊಳ್ಳಲಾಗುವುದಿಲ್ಲ.

ಸರ್ಕಾರದ ಹಣದ ಬಗ್ಗೆ ನೀನು ಖಂಡಿತ ಕೇಳುತ್ತೀ. ಶೆಫೀಲ್ಡಿನ ಪ್ರಕಾಶನಕ್ಕೆ ಆರ್ಟ್ಸ್ ಕೌನ್ಸಿಲ್ ಇಂಗ್ಲೆಂಡಿನ ನೆರವಿದೆ, ಅದನ್ನು ಮುಚ್ಚಿಡುವಂತಿಲ್ಲ. ಅನುದಾನವಿಲ್ಲದೆ ಅನುವಾದದ ಖರ್ಚನ್ನು ಚಂದಾದಾರರೇ ಹೊರಬಲ್ಲರೆಂದು ನಾನು ಹೇಳುವುದಿಲ್ಲ. ನನ್ನ ಮಾತು ಅನುಕ್ರಮದ ಬಗ್ಗೆ: ಓದುಗರ ಪಟ್ಟಿ ಮೊದಲು, ಅನುದಾನ ಅದರ ಮೇಲೆ. ನಮ್ಮಲ್ಲಿ ಅನುಕ್ರಮ ತಿರುವುಮುರುವಾಗಿದೆ. ಗ್ರಂಥಾಲಯಗಳ ಸಗಟು ಖರೀದಿ ಕನ್ನಡ ಪ್ರಕಾಶನಕ್ಕೆ ಮಾಡಿದ ಉಪಕಾರ ದೊಡ್ಡದು, ಹಳ್ಳಿಯ ವಾಚನಾಲಯಕ್ಕೆ ಪುಸ್ತಕ ಮುಟ್ಟಿಸಿದ್ದು ಅದೇ. ಆದರೆ ಅದು ಪುಸ್ತಕ ಅಚ್ಚಾದ ಮೇಲೆ ಬರುವ ಹಣ, ಬರುವ ದಿನವೂ ಪ್ರಕಾಶಕನ ಕೈಯಲ್ಲಿಲ್ಲ. ಅದನ್ನೇ ನೆಚ್ಚಿದ ಪ್ರಕಾಶಕನಿಗೆ ಓದುಗನ ವಿಳಾಸವೇ ಬೇಕಾಗುವುದಿಲ್ಲ. ಹಾಗೆ ಎಷ್ಟು ಪುಸ್ತಕಗಳು ಗೋದಾಮಿನಿಂದ ಕಪಾಟಿಗೆ ಹೋಗಿ ಓದುಗನ ಮುಖವನ್ನೇ ಕಾಣದೆ ಉಳಿಯುತ್ತವೆ!

ರಾಯಚೂರಿನಲ್ಲೋ ಬೀದರಿನಲ್ಲೋ ಮೊದಲ ಕಥಾಸಂಕಲನ ಹಿಡಿದು ಕೂತಿರುವ ಹುಡುಗಿಗೆ ಇವತ್ತು ಬೇಕಾದದ್ದು ಅವಳ ಹೆಸರನ್ನೇ ಕೇಳದೆ ಹಣ ಕಟ್ಟಿರುವ ಐನೂರು ಜನ. ಐನೂರು ಎಂದದ್ದು ಲೆಕ್ಕ ಹಾಕಿಯೇ. ಕನ್ನಡದಲ್ಲಿ ಸಣ್ಣ ಪ್ರಕಾಶಕನೊಬ್ಬ ಮೊದಲ ಮುದ್ರಣಕ್ಕೆ ಹಾಕುವ ಪ್ರತಿಗಳ ಆಸುಪಾಸಿನಲ್ಲೇ ಅದು ಇದೆ, ಅಷ್ಟು ಜನ ಸಿಕ್ಕರೆ ಅಚ್ಚಿನ ಖರ್ಚು ಪುಸ್ತಕಕ್ಕೆ ಮೊದಲೇ ಹುಟ್ಟಿರುತ್ತದೆ. ವರ್ಷಕ್ಕೆ ನಾಲ್ಕು ಪುಸ್ತಕ. ಒಂದು ಹಳಬರದು, ಮೂರು ಹೊಸಬರವು. ಕೊನೆಯ ಪುಟಗಳಲ್ಲಿ ಹಣ ಕೊಟ್ಟವರ ಹೆಸರು. ಊರೂರಲ್ಲಿರುವ ನಮ್ಮ ಕಾಲೇಜು ಮೇಷ್ಟ್ರುಗಳು, ಬ್ಯಾಂಕಿನವರು, ಹೊರದೇಶದ ಕನ್ನಡ ಕೂಟಗಳವರು ಸೇರಿದರೆ ಇದು ದೊಡ್ಡ ಸಂಖ್ಯೆಯಲ್ಲ. ನಿನ್ನ ಓದುಗರ ಬಳಗದಲ್ಲಿ ಮಾತಾಡಿ ನೋಡು. ಯಾರ್‍ಯಾರು ಏನೇನು ತಕರಾರು ತೆಗೆದರು ಎಂಬುದನ್ನು ಬಿಡದೆ ಬರಿ. ಒಪ್ಪಿದವರಿಗಿಂತ ಒಪ್ಪದವರ ಕಾರಣಗಳು ನನಗೆ ಮೊದಲು ಬೇಕು.

ನಿನ್ನ ತಮ್ಮ