ಬಾಗಿಲಿನ ಹಿಡಿ ಎತ್ತುವ ಮೊದಲು

ಕಳೆದ ವರ್ಷ ಗೌರಿ ಹಬ್ಬಕ್ಕೆ ಎರಡು ದಿನ ಇರುವಾಗ ಪಕ್ಕದ ಊರಿನ ವಾಟ್ಸಾಪ್ ಗುಂಪಿನಲ್ಲಿ ಒಂದು ಸುದ್ದಿ ಓಡಾಡಿತು. "ವಿಮಾನದಲ್ಲಿ ಕೆಲಸ ಮಾಡೋ ನಮ್ಮೂರ ಹುಡುಗಿ ಬಾಗಿಲು ಮುರಿದು ಹಾಕಿದಳಂತೆ. ಲಕ್ಷಗಟ್ಟಲೆ ನಷ್ಟವಂತೆ." ಒಳ್ಳೆಯ ಸುದ್ದಿ ಸಿಕ್ಕಿತೆಂದು ನಾವು ಬೈಕ್ ಹತ್ತಿದೆವು. ದಾರಿಯಲ್ಲೇ ತಲೆಬರಹ ಸಿದ್ಧವಾಗಿತ್ತು. ಅದರಲ್ಲಿ 'ನಿರ್ಲಕ್ಷ್ಯ' ಎಂಬ ಪದವೂ ಇತ್ತು.

ಮನೆ ಮುಂದೆ ಅವಳ ತಾಯಿ ಕೈಮುಗಿದರು. "ಬರೀಬೇಡಿ ಸ್ವಾಮಿ, ತರಬೇತಿಗೆ ಮಾಡಿದ ಸಾಲ ಇನ್ನೂ ತೀರಿಲ್ಲ." ಹುಡುಗಿ ಮಾತ್ರ ನಮ್ಮನ್ನು ಒಳಗೆ ಕರೆದಳು. "ಬಾಗಿಲು ಮುರಿದಿಲ್ಲ ಅಣ್ಣಾ, ಜಾರುಬಂಡೆ ಹೊರಗೆ ಬಂತು" ಅಂದಳು. ನಮಗೆ ಅರ್ಥವಾಗಲಿಲ್ಲ. ಒಂದು ಚಾಪೆ ಸುತ್ತಿ ತಂದು, ಮನೆ ಬಾಗಿಲಲ್ಲೇ ತೋರಿಸಿದಳು.

ದೊಡ್ಡ ವಿಮಾನಗಳ ಬಾಗಿಲಿನ ಕೆಳಭಾಗದಲ್ಲಿ ಗಾಳಿ ತುಂಬುವ ಜಾರುಬಂಡೆಯನ್ನು ಮಡಚಿ ಇಟ್ಟಿರುತ್ತಾರೆ. ಅದರ ತುದಿಗೆ ಒಂದು ಲೋಹದ ಸರಳು. ವಿಮಾನ ಹೊರಡುವ ಮೊದಲು ಆ ಸರಳು ಹೊಸ್ತಿಲ ಬಳಿ ನೆಲಕ್ಕೆ ಸಿಕ್ಕಿಕೊಳ್ಳುವಂತೆ ಮಾಡುತ್ತಾರೆ. ಆಮೇಲೆ ಒಳಗಿನಿಂದ ಬಾಗಿಲು ತೆರೆದರೆ ಮಡಿಕೆ ಬಿಚ್ಚಿ ಹೊರಗೆ ಬೀಳುತ್ತದೆ, ಸಿಲಿಂಡರಿನ ಅನಿಲ ನುಗ್ಗಿ ಉಬ್ಬುತ್ತದೆ. ಬಿಚ್ಚಲು ಶುರುವಾದ 6 ಸೆಕೆಂಡಿನೊಳಗೆ ಅದು ಸಜ್ಜಾಗಿ ನಿಲ್ಲಬೇಕು ಎನ್ನುತ್ತದೆ ಅಮೆರಿಕದ ನಿಯಮ. ನಿಲ್ದಾಣ ತಲುಪಿದ ಮೇಲೆ ಆ ಸರಳನ್ನು ನೆಲದಿಂದ ಬಿಡಿಸಬೇಕು. ಮರೆತು ಹಿಡಿ ಎತ್ತಿದರೆ, ಬೆಂಕಿಯಿಲ್ಲ ಹೊಗೆಯಿಲ್ಲ, ಜಾರುಬಂಡೆ ಹೊರಗೆ.

"ಹಾಗಾದರೆ ಸಿಕ್ಕಿಸದೇ ಇದ್ದರಾಯಿತಲ್ಲ?" ಎಂದು ಕೇಳಿದೆವು. ಅವಳು ಜಪಾನಿನ ಕಥೆ ಹೇಳಿದಳು. 2024ರ ಜನವರಿ 2ರಂದು ಟೋಕಿಯೋದ ಹನೆಡಾ ನಿಲ್ದಾಣದಲ್ಲಿ ಇಳಿಯುತ್ತಿದ್ದ ಜಪಾನ್ ಏರ್‌ಲೈನ್ಸ್ ವಿಮಾನ ಕರಾವಳಿ ಕಾವಲು ಪಡೆಯ ವಿಮಾನಕ್ಕೆ ಡಿಕ್ಕಿ ಹೊಡೆದು ಹೊತ್ತಿಕೊಂಡಿತು. ಕಾವಲು ಪಡೆಯ 5 ಮಂದಿ ಸತ್ತರು. ದೊಡ್ಡ ವಿಮಾನದಲ್ಲಿದ್ದ 379 ಜನರೂ ಜೀವ ಉಳಿಸಿಕೊಂಡು ಹೊರಬಂದರು. ಇದ್ದ 8 ಬಾಗಿಲುಗಳಲ್ಲಿ ಬಳಸಲು ಆಗಿದ್ದು ಮೂರೇ. ಆ ಮೂರರ ಜಾರುಬಂಡೆಯೇ ಅಷ್ಟೂ ಜನರನ್ನು ನೆಲ ಮುಟ್ಟಿಸಿತು. ಒಂದು ದಿನ ಬೇಕಾಗಬಹುದು ಎಂದು ಪ್ರತಿದಿನ ಸಿಕ್ಕಿಸಬೇಕು, ಪ್ರತಿದಿನ ಬಿಡಿಸಬೇಕು.

ಅವಳ ಕೈ ತಪ್ಪಿದ್ದು ಬಿಡಿಸುವಾಗ. ಅಂದು ಅದು ನಾಲ್ಕನೇ ಹಾರಾಟ. ವಿಮಾನ ತಡವಾಗಿತ್ತು. ಊಟ ತರುವ ಗಾಡಿ ಹಿಂಬಾಗಿಲ ಕಡೆ ಬರುತ್ತಿತ್ತು. ಹಿಂದಿನ ಸೀಟಿನವರೊಬ್ಬರು ಬ್ಯಾಗಿನ ಬಗ್ಗೆ ಏನೋ ಕೇಳಿದರು. ಉತ್ತರ ಕೊಟ್ಟು ತಿರುಗಿದವಳು ಹಿಡಿ ಎತ್ತಿದಳು. "ಸನ್ನೆ ಎಳೆದಿದ್ದೀನಿ ಅಂತಲೇ ಅಂದುಕೊಂಡಿದ್ದೆ ಅಣ್ಣಾ. ಸಾವಿರ ಸಲ ಎಳೆದ ಕೈ ಇದು. ಗಾಡಿ ಒಂದು ನಿಮಿಷ ಮೊದಲೇ ಬಂದಿದ್ದರೆ ಅಲ್ಲಿ ಇಬ್ಬರು ಹುಡುಗರು ನಿಂತಿರುತ್ತಿದ್ದರು." ಅಲ್ಲಿಯವರೆಗೆ ಗಟ್ಟಿಯಾಗಿದ್ದ ಅವಳ ಧ್ವನಿ ಅಲ್ಲಿ ನಡುಗಿತು. ನಾವು ದುಡ್ಡಿನ ಲೆಕ್ಕ ಕೇಳಲು ಹೋಗಿದ್ದೆವು. ಅವಳು ಆ ಇಬ್ಬರನ್ನು ನೆನೆಯುತ್ತಿದ್ದಳು.

ತಡೆಯುವ ದಾರಿಗಳು ಇಲ್ಲದಿಲ್ಲ. ಅವಳು ಕೆಲಸ ಮಾಡುವ ಏರ್‌ಬಸ್ 320ರಲ್ಲಿ ಹಿಡಿಯನ್ನು ಸ್ವಲ್ಪ ಎತ್ತಿದಾಗ, ಜಾರುಬಂಡೆ ಇನ್ನೂ ಸಜ್ಜಾಗಿದ್ದರೆ ಕಿಟಕಿಯ ಕೆಳಗೆ ಬಿಳಿ ದೀಪ ಹತ್ತುತ್ತದೆ. ಹತ್ತಿದರೆ ಅಲ್ಲೇ ನಿಲ್ಲಿಸಬೇಕು. ಸನ್ನೆ ಬಿಡಿಸಿದ ಮೇಲೆ ಕೆಂಪು ಪಟ್ಟಿಯ ಪಿನ್ ಚುಚ್ಚಬೇಕು. ಬೋಯಿಂಗ್ 737ರಲ್ಲಿ ಸರಳನ್ನು ಕೈಯಲ್ಲೇ ನೆಲಕ್ಕೆ ಸಿಕ್ಕಿಸುತ್ತಾರೆ, ಗುರುತಿಗೆ ಕಿಟಕಿಗೆ ಅಡ್ಡವಾಗಿ ಕೆಂಪು ಪಟ್ಟಿ ಎಳೆಯುತ್ತಾರೆ. ಎಲ್ಲಕ್ಕಿಂತ ಮುಖ್ಯ, ಒಬ್ಬರು ಮಾಡಿದ್ದನ್ನು ಎದುರು ಬಾಗಿಲಿನವರು ನೋಡಿ ಖಚಿತಪಡಿಸಬೇಕು. ವಿಮಾನ ನಿಂತಾಗ ಮೈಕಿನಲ್ಲಿ 'ಕ್ರಾಸ್ ಚೆಕ್' ಎಂದು ಕೇಳಿಸುವುದು ಇದನ್ನೇ. ಈಗ ಅವಳು ಬಾಗಿಲ ಮುಂದೆ ಒಂದು ಉಸಿರು ನಿಲ್ಲುತ್ತಾಳೆ. ಸನ್ನೆಯತ್ತ ಬೆರಳು ತೋರಿಸಿ, ಬಾಯಿಬಿಟ್ಟು ಹೇಳುತ್ತಾಳೆ. ಆ ಹೊತ್ತಿನಲ್ಲಿ ಯಾರು ಕರೆದರೂ ತಿರುಗುವುದಿಲ್ಲ.

ನಮ್ಮ ರೈಲುಗಳಲ್ಲೂ ಚಾಲಕ ಮತ್ತು ಸಹಾಯಕ ಸಿಗ್ನಲ್ಲಿನತ್ತ ಕೈಚಾಚಿ ಬಣ್ಣವನ್ನು ಗಟ್ಟಿಯಾಗಿ ಒಬ್ಬರಿಗೊಬ್ಬರು ಹೇಳುತ್ತಾರೆ. ನೋಡುವವರಿಗೆ ನಗು ಬರಬಹುದು. ಬಾಯಿ ಹೇಳುವಾಗ ಕಣ್ಣು ನಿಜವಾಗಿ ನೋಡಬೇಕಾಗುತ್ತದೆ, ಗುಟ್ಟು ಅಷ್ಟೇ.

ಅವಳ ಮನೆಯ ಜಗುಲಿಯಲ್ಲಿ ಕಾಫಿ ಕುಡಿಯುವಾಗ ನಮಗೆ ನಮ್ಮದೇ ಒಂದು ತಪ್ಪು ನೆನಪಾಯಿತು. ಕೆಲವು ವರ್ಷಗಳ ಹಿಂದೆ ನಿಧನ ವಾರ್ತೆಗೆ ಬದುಕಿದ್ದವರ ಫೋಟೋ ಕಳಿಸಿಬಿಟ್ಟಿದ್ದೆವು. ಇಬ್ಬರ ಹೆಸರೂ ಒಂದೇ, ಗಂಟೆ ರಾತ್ರಿ ಒಂಬತ್ತು, ಕಚೇರಿಯಿಂದ ಮೇಲಿಂದ ಮೇಲೆ ಫೋನು. ಮಾರನೆಯ ಬೆಳಗ್ಗೆ ಆ ಹಿರಿಯರೇ ಪೇಪರ್ ಹಿಡಿದು ನಮ್ಮ ಮನೆಗೆ ಬಂದರು. ಬೈಯಲಿಲ್ಲ. "ಮಗಳು ದುಬೈನಿಂದ ಅಳ್ತಾ ಫೋನ್ ಮಾಡಿದಳಪ್ಪ" ಅಂದರು. ನಮಗೂ ಅದು ಸಾವಿರ ಸಲ ಮಾಡಿದ ಕೆಲಸವೇ ಆಗಿತ್ತು.

ಅಂದು ನಾವು ಸುದ್ದಿ ಕಳಿಸಲಿಲ್ಲ. ವಾಟ್ಸಾಪ್ ಗುಂಪಿಗೆ ಮಾತ್ರ, ಬಾಗಿಲು ಮುರಿದಿಲ್ಲ, ಯಾರಿಗೂ ಪೆಟ್ಟಾಗಿಲ್ಲ, ಹುಡುಗಿ ಕೆಲಸದಲ್ಲೇ ಇದ್ದಾಳೆ ಎಂದು ಬರೆದೆವು. ಈಗ ಅವಳನ್ನೇ ಕೇಳಿ, ಊರು ಹೆಸರು ಬಿಟ್ಟು, ಇದನ್ನು ಬರೆಯುತ್ತಿದ್ದೇವೆ. ಕಳಿಸುವ ಗುಂಡಿ ಒತ್ತುವ ಮೊದಲು ಹೆಸರಿನ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದುವ ಅಭ್ಯಾಸ ನಮಗೂ ಬಂದಿದೆ. ಮನೆಯವರು ನಗುತ್ತಾರೆ. ನಗಲಿ ಬಿಡಿ.